ಏಳು ಸುತ್ತಿನ ಆಟಕ್ಕೆ ಪಟ್ಟು ಬರೆದವಳು

ಮಧ್ಯಾಹ್ನ ಉಂಡು ಸ್ವಲ್ಪ ಒರಗಿದರೆ ಸಾಕು, ಈಗಲೂ ಆಟದ ಯಾವುದಾದರೊಂದು ಪಟ್ಟು ತಾನಾಗಿಯೇ ಬಂದು ತಲೆದೆಸೆಯಲ್ಲಿ ಕೂರುತ್ತದೆ. ನಿನ್ನೆ ಬಂದದ್ದು ‘ಬೇರೆಯವರ ಕನಸಿನಲ್ಲಿ ಚಪ್ಪಲಿ ಬಿಟ್ಟು ಬರುವುದು’. ಮೊನ್ನೆಯದು ‘ಬಂಡೆಯನ್ನು ಮುಟ್ಟಿ ವಯಸ್ಸು ಹೇಳುವುದು’. ಬರೆದಿಡೋಣ ಅಂತ ಕೈ ಪೆನ್ನು ಹುಡುಕುತ್ತದೆ. ಆಮೇಲೆ ನೆನಪಾಗುತ್ತದೆ, ನನ್ನ ಕೆಲಸ ಮುಗಿದಿದೆ, ಈ ಲೋಕಕ್ಕೆ ಇನ್ನೊಂದು ಪಟ್ಟು ಬೇಕಾಗಿಲ್ಲ. ಮಗ್ಗುಲಾಗಿ ಮತ್ತೆ ಮಲಗುತ್ತೇನೆ.

ಈಚೆಗೆ ಕೆಲವು ಹುಡುಗ ಹುಡುಗಿಯರು ಮನೆಗೆ ಬಂದಿದ್ದರು. ಆಟ ಬರೆಯುವ ಕೆಲಸಕ್ಕೇ ಸೇರಿದ್ದಾರಂತೆ. ಫೋನ್ ತೆಗೆದು ತಮ್ಮ ಪಟ್ಟುಗಳ ಪಟ್ಟಿ ತೋರಿಸಿದರು. ಬೆರಳಲ್ಲಿ ಎಳೆದಷ್ಟೂ ಬರುತ್ತಲೇ ಇತ್ತು, ಹನುಮಂತನ ಬಾಲ. “ಇನ್ನೂ ಹಾಕಬೇಕು ಮೇಡಂ, ಜನ ಕೇಳ್ತಾರೆ” ಅಂದರು. ನಾನು ನಕ್ಕು ಚಹಾ ಕೊಟ್ಟು ಕಳಿಸಿದೆ. ಹೇಳಬೇಕಾದ್ದು ಬಾಯಿಗೆ ಬರಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಕೆಲಸಕ್ಕಿದ್ದದ್ದು ಚಿತ್ರದುರ್ಗದ ಒಂದು ಸಣ್ಣ ಪ್ರೆಸ್ಸಿನಲ್ಲಿ. ಮದುವೆ ಕಾರ್ಡು, ಬಿಲ್ ಬುಕ್ಕು, ಶಾಲೆಯ ಗೋಡೆಗೆ ಹಾಕುವ ಚಾರ್ಟು, ಇವುಗಳ ಪ್ರೂಫ್ ನೋಡುವುದಕ್ಕೆ ಸೇರಿದವಳು ನಾನು. ಆದರೆ ನಮ್ಮ ಯಜಮಾನರಾದ ರುದ್ರಪ್ಪನವರಿಗೆ ಒಂದು ಹುಚ್ಚಿತ್ತು. ಡಬ್ಬಿಯಲ್ಲಿಟ್ಟು ಮಾರುವ ಕತೆಯ ಆಟ ಮಾಡಬೇಕು ಅಂತ. ನಾಲ್ಕೈದು ಜನ ಮೇಜಿನ ಸುತ್ತ ಕೂರುವುದು. ಒಬ್ಬೊಬ್ಬರು ಒಂದೊಂದು ಪಾತ್ರ: ಒಬ್ಬ ಬಿಲ್ಲುಗಾರ, ಒಬ್ಬಳು ಕಳ್ಳಿ, ಒಬ್ಬ ಮಂತ್ರ ಬಲ್ಲವನು. ಕತೆ ನಡೆಸುವವರು ಒಬ್ಬರಿರುತ್ತಾರೆ. ‘ಮುಂದೆ ಒಂದು ಬಾವಿ, ಒಳಗಿಂದ ಯಾರೋ ಹಾಡುತ್ತಿದ್ದಾರೆ, ಏನು ಮಾಡುತ್ತೀರಿ?’ ಅಂತ ಅವರು ಕೇಳಿದರೆ ಉಳಿದವರು ತಮ್ಮ ಪಾತ್ರ ಏನು ಮಾಡುತ್ತದೆ ಅಂತ ಬಾಯಲ್ಲೇ ಹೇಳುತ್ತಾರೆ. ಆಯಿತೋ ಇಲ್ಲವೋ ಅನ್ನುವುದಕ್ಕೆ ದಾಳ ಹಾಕುವುದು. ಕತೆ ನಡೆಯುವ ಜಾಗ ಏಳು ಸುತ್ತಿನ ಒಂದು ಕೋಟೆ. ನಮ್ಮ ಊರಿನದೇ, ಆದರೆ ನಮ್ಮ ಊರಿನದಲ್ಲ. ಅಲ್ಲಿ ಬಂಡೆಗಳು ಯಾರೂ ನೋಡದಾಗ ಜಾಗ ಬದಲಿಸುತ್ತವೆ, ಹೊಂಡದ ನೀರಿನಲ್ಲಿ ನಾಳೆಯ ಮೋಡ ಕಾಣುತ್ತದೆ. ನಿಯಮ ಬರೆಯುವುದು, ಊರೂರಿಗೆ ಹೋಗಿ ಜನರನ್ನು ಕೂರಿಸಿ ಆಡಿಸಿ ನೋಡುವುದು, ಎರಡೂ ನನ್ನ ಪಾಲಿಗೆ ಬಂದವು.

ಪ್ರತಿಯೊಂದು ಪಾತ್ರಕ್ಕೂ ಬೇರೆಯವರಿಗಿಲ್ಲದ ಒಂದು ಶಕ್ತಿ ಇರುತ್ತದಲ್ಲ, ಅದನ್ನು ನಾನು ‘ವಿಶೇಷ ಸಾಮರ್ಥ್ಯ’ ಅಂತ ಬರೆದಿದ್ದೆ. ಮೊದಲು ಆಡಿ ನೋಡಿದವರು ಪ್ರೆಸ್ಸಿನ ಪಕ್ಕದ ಗರಡಿಮನೆಯ ಪೈಲ್ವಾನರು. ಅವರಲ್ಲಿ ಹಿರಿಯರೊಬ್ಬರು ಓದಿ ಮುಖ ಕಿವಿಚಿದರು. “ಇದೇನ್ರಿ ಅಕ್ಕಾರೆ, ಸರ್ಕಾರಿ ಅರ್ಜಿ ಇದ್ದಂಗೈತೆ. ಪಟ್ಟು ಅನ್ರಿ, ಸಾಕು” ಅಂದರು. ಅಂದಿನಿಂದ ಅದು ಪಟ್ಟೇ.

ಆಗ ಇದ್ದ ಪಟ್ಟುಗಳು ಬೆರಳೆಣಿಕೆಯಷ್ಟು. ಆರಿಸಿಕೊಳ್ಳುವ ಹಾಗೂ ಇರಲಿಲ್ಲ. ರುದ್ರಪ್ಪನವರ ತಾಯಿಯ ತವರು ಹೊಸದುರ್ಗದ ಕಡೆ. ಅಲ್ಲಿ ಹಾಲುರಾಮೇಶ್ವರದ ಕೊಳದ ಮುಂದೆ ಭಕ್ತರು ಬೇಡಿಕೊಂಡು ಕೂರುತ್ತಾರೆ, ನೀರಿನಿಂದ ತೇಲಿ ಬಂದದ್ದನ್ನು ಪ್ರಸಾದ ಅಂತ ಮಡಿಲಿಗೆ ಹಾಕಿಕೊಳ್ಳುತ್ತಾರೆ. ಹಣ್ಣು ಬಂದರೆ ಹಣ್ಣು, ಹೂವು ಬಂದರೆ ಹೂವು. ಯಜಮಾನರು ಅದನ್ನೇ ಆಟಕ್ಕೆ ತಂದರು. ಹಿತ್ತಾಳೆ ಬೋಗುಣಿಯಲ್ಲಿ ನೀರು, ನೀರಿನ ಮೇಲೆ ಪಟ್ಟು ಬರೆದ ಮರದ ಬಿಲ್ಲೆಗಳು. ಕಣ್ಣು ಮುಚ್ಚಿ ಒಂದು ಬೆರಳು ಅದ್ದಿ ಸುಮ್ಮನಿರಬೇಕು. ಯಾವ ಬಿಲ್ಲೆ ತೇಲಿ ಬಂದು ಬೆರಳಿಗೆ ತಾಗುತ್ತದೋ ಅದೇ ನಿಮ್ಮದು. ಅಷ್ಟು ದೊಡ್ಡ ಪೈಲ್ವಾನರು ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಗರಡಿಯ ಕೆಮ್ಮಣ್ಣಿನ ವಾಸನೆ, ಕಿಟಕಿಯಿಂದ ಬಂದ ಬಿಸಿಲು ನೀರಿಗೆ ಬಿದ್ದು ಸೂರಿನ ಮೇಲೆ ಕುಣಿಯುವುದು, ಯಾರೂ ಮಾತಾಡದಿರುವುದು. ಇಷ್ಟು ವರ್ಷದ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಗಳಿಗೆ ಅದು. ಒಬ್ಬ ಪೈಲ್ವಾನನಿಗೆ ‘ಗೂಬೆಯ ಮಾತು ತಿಳಿಯುವುದು’ ಬಂತು. ಅವನು ಕತ್ತಿಯನ್ನೇ ಎತ್ತಲಿಲ್ಲ. ಕೋಟೆಯ ಗೂಬೆಗಳ ಹತ್ತಿರ ಸಂಸಾರದ ಕಷ್ಟಸುಖ ಮಾತಾಡಿಕೊಂಡೇ ಮೂರು ಸುತ್ತು ದಾಟಿಬಿಟ್ಟ.

ಬೋಗುಣಿಯನ್ನು ಮೂಲೆಗೆ ಸೇರಿಸಿದವರು ಹಿರಿಯೂರಿನ ಒಬ್ಬ ದಾಳಿಂಬೆ ವ್ಯಾಪಾರಿ. ಅವರ ಬೆರಳಿಗೆ ಯಾವಾಗಲೂ ಮರ ಹತ್ತುವ ಪಟ್ಟೇ ತಾಗುತ್ತಿತ್ತು. ಕೊನೆಗೆ ಬಿಲ್ಲೆಯನ್ನು ಮೇಜಿಗೆ ಕುಕ್ಕಿದರು. “ನೋಡ್ರಿ, ಕಣ್ಮುಚ್ಕಂಡು ಹಣ್ಣು ತಗಳ್ರಿ ಅಂತ ನಾನು ಗಿರಾಕಿಗೆ ಹೇಳ್ತೀನೇನ್ರಿ? ಆರಿಸ್ಕಳಾಕೆ ಬಿಡ್ರಿ. ಬೇಕಾದ್ರೆ ತಗಂತೀವಿ, ಬ್ಯಾಡಾದ್ರೆ ಬಿಡ್ತೀವಿ.”

ಮಾತು ನ್ಯಾಯವಾಗಿಯೇ ಇತ್ತು. ನಾನು ಹೋಗಿ ಹೇಳಿದಾಗ ರುದ್ರಪ್ಪನವರ ಕಣ್ಣು ಅರಳಿತು. ಆರಿಸಿಕೊಳ್ಳಬಹುದಾದ ಪಟ್ಟುಗಳದೇ ಒಂದು ಪುಸ್ತಕ ಹಾಕಿದೆವು. ಅದು ಖರ್ಚಾಯಿತು. “ಡಬ್ಬಿ ಒಂದ್ಸಲ ಕೊಳ್ತಾರೆ, ಪಟ್ಟು ವರ್ಷವೆಲ್ಲ ಕೊಳ್ತಾರೆ ನೋಡಮ್ಮ” ಅಂತ ಇನ್ನೊಂದು ಹಾಕಿಸಿದರು, ಆಮೇಲೆ ಮತ್ತೊಂದು. ನನಗೆ ಹಗಲೂ ಪಟ್ಟು, ಕನಸಲ್ಲೂ ಪಟ್ಟು. ‘ಸೀನು ತಡೆಯುವುದು’. ‘ಒಂಟಿಕಾಲಲ್ಲಿ ನಿದ್ದೆ ಮಾಡುವುದು’. ‘ಬಾವಿಯ ತಳದಿಂದ ಹಗಲಲ್ಲೇ ಚುಕ್ಕಿ ಎಣಿಸುವುದು’. ಬಸ್ಸಿನ ಕಿಟಕಿಯಲ್ಲಿ ಗುಡ್ಡದ ಮೇಲಿನ ಗಾಳಿಯಂತ್ರಗಳು ನಿಧಾನಕ್ಕೆ ತಿರುಗುವುದನ್ನು ನೋಡುತ್ತಾ ಕೂತರೆ ಒಂದು ಸುತ್ತಿಗೆ ಒಂದು ಪಟ್ಟು ಹೊಳೆಯುತ್ತಿತ್ತು. ಸುಳ್ಳು ಯಾಕೆ ಹೇಳಲಿ, ನನಗೂ ಅದೊಂದು ನಶೆ.

ಯಜಮಾನರು ಕೆಟ್ಟವರಲ್ಲ. ಬೈದರೆ ಆಮೇಲೆ ಚಹಾ ತರಿಸುತ್ತಿದ್ದರು. ಚಹಾ ಬಂತು ಅಂದರೆ ಬೈಗುಳ ಮುಗಿಯಿತು ಅಂತ ಲೆಕ್ಕ. ಅವರು ಅತಿ ಹೆಚ್ಚು ಚಹಾ ತರಿಸಿದ್ದು ಐಮಂಗಲದ ಘಟನೆಯ ನಂತರ.

ಐಮಂಗಲದಲ್ಲಿ ಹೆದ್ದಾರಿ ಪಕ್ಕ ಪಂಕ್ಚರ್ ಅಂಗಡಿ ಇಟ್ಟಿದ್ದ ಚಾಂದ್ ಭಾಯಿ ನಮ್ಮ ಪುಸ್ತಕಗಳನ್ನು ಟ್ಯೂಬಿನಲ್ಲಿ ತೂತು ಹುಡುಕುವ ಹಾಗೆ ಓದುವ ಮನುಷ್ಯ. ಒಬ್ಬರು ಪುಸ್ತಕಕ್ಕೊಂದರಂತೆ ಪಟ್ಟು ಆರಿಸಿಕೊಳ್ಳಬಹುದಿತ್ತು. ಒಂದು ಪುಸ್ತಕದಿಂದ ‘ನೆರಳಿನೊಳಗೆ ಕರಗುವುದು’ ತೆಗೆದುಕೊಂಡ. ಇನ್ನೊಂದರಿಂದ ‘ತನ್ನ ನೆರಳನ್ನು ಬೇಕಾದಷ್ಟು ಉದ್ದ ಮಾಡುವುದು’. ಮತ್ತೊಂದರಿಂದ ‘ನೆರಳಿನ ಯಾವ ತುದಿಯಿಂದಲಾದರೂ ಎದ್ದು ಬರುವುದು’. ಮೂರನ್ನೂ ಬರೆದವಳು ನಾನೇ, ಮೂರು ಬೇರೆ ಬೇರೆ ಮಧ್ಯಾಹ್ನಗಳಲ್ಲಿ. ಆಟ ಶುರುವಾಯಿತು. ಉಳಿದವರು ಮಂಡಕ್ಕಿ ಪೊಟ್ಟಣ ಬಿಚ್ಚುತ್ತಿದ್ದರು. ಚಾಂದ್ ಭಾಯಿ ಕೇಳಿದ, “ಅಕ್ಕ, ಕೋಟೆ ಮುಂದೆ ಈಗ ಟೈಮ್ ಎಷ್ಟು?” ಸಾಯಂಕಾಲ ಅಂದೆ. “ಸೂರ್ಯ ನನ್ನ ಬೆನ್ನಿಗೆ ಐತಾ?” ಇದೆ ಅಂದೆ. “ಹಂಗಾದ್ರೆ ನನ್ನ ನೆರಳು ಏಳೂ ಸುತ್ತು ದಾಟಿ ಖಜಾನೆವರೆಗೂ ಬೀಳ್ತೈತೆ. ನಾನು ಇಲ್ಲಿ ಕರಗ್ತೀನಿ, ಅಲ್ಲಿ ಏಳ್ತೀನಿ.”

ನಿಯಮ ತಿರುವಿ ಹಾಕಿದೆ. ಎಲ್ಲವೂ ಸರಿಯಾಗಿತ್ತು. ಚಾಂದ್ ಭಾಯಿ ಬಾಯಿಗೆ ಒಂದು ಹಿಡಿ ಮಂಡಕ್ಕಿ ಹಾಕಿಕೊಂಡು, “ಮುಗೀತಲ್ಲ, ಹೋಗಾಣ?” ಅಂದ. ಉಳಿದವರು ಅವನನ್ನೂ ನನ್ನನ್ನೂ ನೋಡಿದ ನೋಟ ಇನ್ನೂ ಕಣ್ಣಲ್ಲಿದೆ. ಅಷ್ಟು ದೂರ ಮೋಡದ ಹಾಗೆ ಹಬ್ಬಿದ್ದ ಕೋಟೆ ಒಂದೇ ಮಾತಿಗೆ ಕರಗಿಹೋಗಿತ್ತು.

ರುದ್ರಪ್ಪನವರು ಬೈದು, ಚಹಾ ತರಿಸಿ, ಪರಿಹಾರವನ್ನೂ ಹೇಳಿದರು. “ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು. ನೆರಳು ತಡೆಯೋದು ಅಂತ ಇನ್ನೊಂದು ಪಟ್ಟು ಬರೀರಿ.” ಬರೆದೆ. ಅದನ್ನು ತಡೆಯಲು ಇನ್ನೊಂದು ಬೇಕಾಯಿತು. ಹೀಗೆ ನಾಲ್ಕನೇ ಪುಸ್ತಕವಾಯಿತು.

ಹೊಳಲ್ಕೆರೆಯಲ್ಲಿ ಬೇರೆಯೇ ರೀತಿ. ಅಲ್ಲಿ ಕೆಲವು ಮೇಷ್ಟರುಗಳು ಒಬ್ಬರ ಮನೆಯ ಪಡಸಾಲೆಯಲ್ಲಿ ಸೇರುತ್ತಿದ್ದರು. ಎಲ್ಲ ಪುಸ್ತಕ ಹರಡಿಕೊಂಡು ಪಟ್ಟು ಆರಿಸಲು ಕೂತರು. ಇದು ಚೆನ್ನಾಗಿದೆ, ಅದೂ ಚೆನ್ನಾಗಿದೆ, ಇದು ತಗಂಡ್ರೆ ಅದು ಬಿಟ್ಟಂಗಾಗ್ತದಲ್ಲ. ಮದುವೆ ಸೀರೆ ತೆಗೆಯುವ ಹಾಗೆ ಬಿಸಿಲು ಇಳಿಯುವ ತನಕ ಆರಿಸಿದರು. ಬಸ್ಸಿಗೆ ಹೊತ್ತಾಯಿತು ಅಂತ ನಾನು ಎದ್ದೆ. “ಆಟ ಭಾಳ ಚೆನ್ನಾಗಿತ್ತು ಕಣ್ರಿ” ಅಂತ ಒಬ್ಬರು ಬಾಗಿಲ ತನಕ ಬಂದು ಕಳಿಸಿಕೊಟ್ಟರು. ಆಟ ಶುರುವೇ ಆಗಿರಲಿಲ್ಲ.

ಇವೆಲ್ಲ ನಗುವ ಸಂಗತಿ. ನಗದ ಸಂಗತಿ ಒಂದಿದೆ, ಅದು ಹೊಸದುರ್ಗದ್ದು.

ಹೊಸದುರ್ಗಕ್ಕೆ ಹೋದಾಗ ನಾನು ಊಟ ಮಾಡುತ್ತಿದ್ದದ್ದು ಸಿದ್ದಮ್ಮನವರ ಖಾನಾವಳಿಯಲ್ಲಿ. ಗಟ್ಟಿ ಹೆಂಗಸು. ಗಂಡ ಹೋದ ಮೇಲೆ ಒಬ್ಬರೇ ಒಲೆ ಹಿಡಿದು ಊರಿಗೆಲ್ಲ ಅನ್ನ ಹಾಕಿದವರು. ಮಗನಿಗೆ ಮದುವೆ ಮಾಡಿ ಸೊಸೆ ನಾಗವೇಣಿಯನ್ನು ತಂದಿದ್ದರು. ಮಗ ಕಾಯಿಲೆ ಬಿದ್ದು ತೀರಿಕೊಂಡಿದ್ದ. ಸೊಸೆ ತವರಿಗೆ ಹೋಗಲಿಲ್ಲ, ಅತ್ತೆ ಹೋಗು ಅನ್ನಲಿಲ್ಲ. ಇಬ್ಬರೂ ಸೇರಿ ಖಾನಾವಳಿ ನಡೆಸುತ್ತಿದ್ದರು. ಮಧ್ಯಾಹ್ನದ ಗಿರಾಕಿ ಕರಗಿದ ಮೇಲೆ ಬೆಂಚುಗಳು ಖಾಲಿ. ಅಲ್ಲೇ ನಮ್ಮ ಆಟ. ದಿನಾ ಅಲ್ಲೇ ಉಣ್ಣುತ್ತಿದ್ದ ಅಂಚೆಯ ಬಸಣ್ಣನನ್ನು ಕೂರಿಸಿಕೊಂಡು ಶುರು ಮಾಡಿದ್ದೆ. ತಟ್ಟೆ ಎತ್ತಲು ಬಂದ ನಾಗವೇಣಿ ನಿಂತು ಕೇಳಿಸಿಕೊಂಡಳು, ಆಮೇಲೆ ಕೂತಳು.

ಅವಳ ಪಾತ್ರ ಕೆಂಚಿ ಅನ್ನುವ ಕಳ್ಳಿ. ಎರಡನೇ ಸುತ್ತಿನಲ್ಲಿ ಬಂದವರನ್ನೆಲ್ಲ ತಿನ್ನುವ ಒಬ್ಬ ರಾಕ್ಷಸ ಇದ್ದ. ಎಲ್ಲ ಊರಲ್ಲೂ ಅವನ ಜೊತೆ ಹೊಡೆದಾಡಿದ್ದರು, ಇಲ್ಲ ಓಡಿದ್ದರು. ಕೆಂಚಿ ಅವನ ಮುಂದೆ ಹೋಗಿ ನಿಂತು, “ಊಟ ಆಯ್ತೇನಣ್ಣ?” ಅಂದಳು. ಆ ರಾಕ್ಷಸನನ್ನು ಅಲ್ಲಿಯವರೆಗೆ ಯಾರೂ ಹಾಗೆ ಕೇಳಿರಲಿಲ್ಲ. ಒಳಗೆ ಪಾತ್ರೆ ತೊಳೆಯುತ್ತಿದ್ದ ಸಿದ್ದಮ್ಮ, “ಅಂಥೋನಿಗೆ ಮುದ್ದೆ ಎಷ್ಟು ಹಿಡೀತವೆ?” ಅಂತ ಕೂಗಿದರು. ಕೈ ಒರೆಸಿಕೊಂಡು ಹೊರಗೆ ಬಂದರು. “ನನ್ನನ್ನೂ ಸೇರಿಸ್ಕಳ್ರಿ. ನಾನು ಯಾರ ಕೈ ಕೆಳಗೂ ದುಡಿಯಾಕಿಲ್ಲ, ದೊರೆಸಾನಿ ಮಾಡ್ರಿ” ಅಂದರು. ಮಾಡಿದೆ. ಏಳನೇ ಸುತ್ತಿನ ದೊರೆಸಾನಿ, ಕೋಟೆಯ ಹಿಂಬಾಗಿಲು ಅವರ ಅಪ್ಪಣೆಯಿಲ್ಲದೆ ತೆರೆಯುವುದಿಲ್ಲ.

ಆ ಮಧ್ಯಾಹ್ನಗಳು ನನಗೆ ಈಗ ನಿಜಕ್ಕೂ ನಡೆದದ್ದು ಅನ್ನಿಸುವುದಿಲ್ಲ. ಒಲೆಯ ಕೆಂಡ ಬೂದಿಯಾಗುತ್ತಾ ಇರುತ್ತಿತ್ತು, ಬೀದಿ ನಿದ್ದೆಯಲ್ಲಿರುತ್ತಿತ್ತು, ನಾಗವೇಣಿ ನಗುತ್ತಿದ್ದಳು. ಬೇರೆ ಹೊತ್ತಿನಲ್ಲಿ ಅವಳು ನಕ್ಕದ್ದನ್ನು ನಾನು ನೋಡಿದ್ದಿಲ್ಲ.

ಒಂದು ದಿನ ಲೋಟ ತೊಳೆಯುತ್ತಾ ಅವಳು ನನಗೆ ಒಂದು ವಿಷಯ ಹೇಳಿದಳು. ವೀರೇಶ ಅನ್ನುವವನು, ಗುಡ್ಡದ ಗಾಳಿಯಂತ್ರ ರಿಪೇರಿ ಮಾಡುವ ಮೆಕ್ಯಾನಿಕ್ಕು, ಖಾನಾವಳಿಗೇ ಊಟಕ್ಕೆ ಬರುತ್ತಿದ್ದವನು, ಅವಳನ್ನು ಮದುವೆಯಾಗುತ್ತೀನಿ ಅಂದಿದ್ದ. ಅವನಿಗೆ ಗದಗಿನ ಕಡೆಗೆ ವರ್ಗವಾಗಿತ್ತು. ಹೊರಡುವುದರೊಳಗೆ ಉತ್ತರ ಬೇಕು ಅಂದಿದ್ದ.

“ನಿನಗೆ ಮನಸ್ಸೈತಾ?” ಅಂದೆ.

“ಐತಕ್ಕ. ಆದ್ರೆ ಅತ್ತೆಮ್ಮನ್ನ ಕೇಳ್ದೆ ಹೋಗಲ್ಲ. ಕೇಳಾದು ಹೆಂಗೆ? ಅವರ ಮಗನ ಫೋಟೋ ಕೆಳಗೆ ನಿಂತ್ಕಂಡು ಕೇಳ್ಲಾ?”

“ಅವರಿಗೆ ನಾನು ಒಂದು ಮಾತು ಹೇಳ್ಲಾ?”

“ಬ್ಯಾಡ. ಬೇರೆಯವ್ರು ಹೇಳಿದ್ರೆ ಅವರಿಗೆ ಇನ್ನೂ ನೋವಾಗ್ತೈತೆ.”

ಅದೇ ಹೊತ್ತಿಗೆ ನಾಲ್ಕನೇ ಪುಸ್ತಕ ಅಚ್ಚಾಗಿ ಬಂದದ್ದು. ಅದರಲ್ಲಿ ‘ಬಿನ್ನಹ’ ಅಂತ ಒಂದು ಪಟ್ಟಿತ್ತು. ಈ ಪಟ್ಟು ಇದ್ದವರು ದೊರೆಯ ಮುಂದೆ ನಿಂತು ಬೇಕಾದ್ದನ್ನು ಕೇಳಬಹುದು. ಮಾತಿನಲ್ಲಿ ಗೆಲ್ಲುವ ಪಟ್ಟು ಬೇಕು ಅಂತ ಗಿರಾಕಿಯೊಬ್ಬರು ಕೇಳಿದ್ದಕ್ಕೆ ಯಜಮಾನರು ಬರೆಸಿದ್ದು. ನೋಡಲು ಏನೂ ತಪ್ಪಿಲ್ಲ, ಬೇಕಾದವರು ಆರಿಸಿಕೊಳ್ಳುತ್ತಾರೆ, ಬೇಡದವರು ಬಿಡುತ್ತಾರೆ. ಆದರೆ ಹೊಸದುರ್ಗದ ಮೇಜಿಗೆ ಆ ಪುಸ್ತಕಗಳು ಬಂದ ಮೇಲೆ ಕೆಂಚಿ ಮಂಕಾದಳು. ಏನು ಮಾಡ್ತೀಯ ಅಂದರೆ ಮುಖ ನೋಡುತ್ತಿರಲಿಲ್ಲ, ಪುಸ್ತಕದಿಂದ ಆರಿಸಿ ಬರೆದುಕೊಂಡ ಪಟ್ಟಿನ ಚೀಟಿಗಳನ್ನು ನೋಡುತ್ತಿದ್ದಳು. ಗಾಯಗೊಂಡ ಬಸಣ್ಣನನ್ನು ಎತ್ತಿಕೊಂಡು ಹೋಗಬಹುದಲ್ಲ ಅಂದರೆ, “ನನ್ನತ್ರ ಹೊರೋ ಪಟ್ಟಿಲ್ಲಕ್ಕ.” ರಾಕ್ಷಸನಿಗೆ ಸಮಾಧಾನ ಹೇಳಬಹುದಲ್ಲ ಅಂದರೆ, “ಆ ಪಟ್ಟು ಬಸಣ್ಣಂದು.” ಮೊದಲು ಎಲ್ಲರೂ ಮಾಡಬಹುದಾಗಿದ್ದ ಕೆಲಸಕ್ಕೆ ನಾವು ಒಂದು ಹೆಸರು ಕೊಟ್ಟು ಅಚ್ಚು ಹಾಕಿದ್ದೇ ತಡ, ಅದು ಉಳಿದ ಎಲ್ಲರ ಕೈ ತಪ್ಪಿತ್ತು. ಮನೆಗೆ ಬಂದ ಆ ಹುಡುಗ ಹುಡುಗಿಯರಿಗೆ ನಾನು ಹೇಳಬೇಕೆಂದಿದ್ದದ್ದು ಇದನ್ನೇ.

ವೀರೇಶ ಹೊರಡುವ ವಾರ ಬಂತು. ನಾಗವೇಣಿ ಕೇಳಿರಲಿಲ್ಲ. ಆ ದಿನ ರುದ್ರಪ್ಪನವರೂ ನನ್ನ ಜೊತೆ ಬಂದಿದ್ದರು. ಹೊಸ ಪುಸ್ತಕವನ್ನು ಜನ ಹೇಗೆ ಆಡುತ್ತಾರೆ ನೋಡಬೇಕು ಅಂತ ಪಕ್ಕದ ಬೆಂಚಿನಲ್ಲಿ ಎರಡನೇ ಸಲ ಸಾರು ಹಾಕಿಸಿಕೊಂಡು ಕೂತಿದ್ದರು. ಆಟದಲ್ಲಿ ಕೆಂಚಿ ಏಳನೇ ಸುತ್ತಿಗೆ ಬಂದಿದ್ದಳು. ಹಿಂಬಾಗಿಲ ಮುಂದೆ ದೊರೆಸಾನಿ. ಅಪ್ಪಣೆ ಸಿಕ್ಕರೆ ಕೋಟೆಯ ಹೊರಗೆ, ಇಲ್ಲದಿದ್ದರೆ ಒಳಗೇ.

“ಏನು ಮಾಡ್ತೀಯ ಕೆಂಚಿ?” ಅಂದೆ.

ಅವಳು ಚೀಟಿಗಳನ್ನು ಒಂದೊಂದಾಗಿ ತಿರುವಿ ಹಾಕಿದಳು. “ಕೇಳ್ಬೇಕು ಅಂತ ಐತೆ. ಬಿನ್ನಹದ ಪಟ್ಟು ನನ್ನತ್ರ ಇಲ್ಲ.”

“ನನ್ನತ್ರ ಐತೆ ಬಿಡವ್ವ, ನಿನ್ನ ಪರವಾಗಿ ನಾನೇ ಕೇಳ್ತೀನಿ” ಅಂದ ಬಸಣ್ಣ.

“ನೀನ್ಯಾಕಪ್ಪ ಕೇಳ್ತೀಯ?” ಅಂದರು ಸಿದ್ದಮ್ಮ. ದನಿ ಬಿರುಸಾಗಿತ್ತು. “ಅವಳಿಗೆ ಬಾಯಿಲ್ಲೇನು?”

ಎಲ್ಲರೂ ನನ್ನನ್ನು ನೋಡಿದರು. ರುದ್ರಪ್ಪನವರು ತುತ್ತು ನುಂಗಿ, “ಪುಸ್ತಕದಾಗೆ ಏನೈತೋ ಹಂಗೇ ಆಡ್ರಮ್ಮ. ಪಟ್ಟಿಲ್ದೆ ಕೇಳಂಗಿದ್ರೆ ಪಟ್ಟು ಯಾರು ಕೊಳ್ತಾರೆ?” ಅಂದರು. ಅವರು ಹೇಳಿದ್ದು ಸರಿಯೇ. ಆದರೆ ಈ ಹುಡುಗಿ ಇವತ್ತು ಇಲ್ಲಿ ಕೇಳದಿದ್ದರೆ ಎಲ್ಲಿಯೂ ಕೇಳುವುದಿಲ್ಲ ಅಂತ ನನಗೆ ಗೊತ್ತಿತ್ತು.

“ಯಜಮಾನ್ರೆ, ನೀವು ಈಗ ಸಾರು ಕೇಳಿದ್ರಲ್ಲ, ಯಾವ ಪಟ್ಟು ಇತ್ತು ನಿಮ್ಮತ್ರ?” ಅಂದೆ. ಇಷ್ಟು ವರ್ಷದಲ್ಲಿ ಅವರಿಗೆ ಎದುರಾಡಿದ್ದು ಅದೇ ಮೊದಲು. ಅವರು ತಟ್ಟೆಯನ್ನು ನೋಡಿಕೊಂಡರು. ನಾನು ನಾಗವೇಣಿಯ ಮುಂದಿದ್ದ ಪಟ್ಟಿನ ಚೀಟಿಗಳನ್ನೆಲ್ಲ ಗುಡ್ಡೆ ಮಾಡಿ ಬೆಂಚಿನ ಕೆಳಗಿಟ್ಟೆ. “ಕೇಳು. ಕೇಳಾಕೆ ಏನೂ ಬೇಕಾಗಿಲ್ಲ.”

ಅವಳು ಎದ್ದು ನಿಂತಳು. ಆಟದಲ್ಲಿ ಯಾರೂ ಎದ್ದು ನಿಲ್ಲುವುದಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

“ನಂಗೆ ಹೊರಗೆ ಹೋಗ್ಬೇಕು. ಬಾಗ್ಲು ತೆಗೀತೀರಾ?”

“ಎಲ್ಲಿಗೆ ಹೋಗ್ತೀಯ?” ಅಂದರು ದೊರೆಸಾನಿ.

“ಗದಗಿನ ಕಡೆ.”

ನಮ್ಮ ಆಟದ ಲೋಕದಲ್ಲಿ ಗದಗ ಅನ್ನುವ ಊರಿಲ್ಲ. ಒಲೆಯಲ್ಲಿ ಒಂದು ಕೆಂಡ ಚಿಟ್ಟೆಂದಿತು. ಸಿದ್ದಮ್ಮ ಸೊಸೆಯನ್ನು ನೋಡುತ್ತಲೇ ಇದ್ದರು.

“ಅಲ್ಲಿ ಗಾಳಿ ಜಾಸ್ತಿ ಅಂತಾರೆ” ಅಂದರು ಕೊನೆಗೆ. “ಕಿವಿಗೆ ಬಟ್ಟೆ ಕಟ್ಕಂಡು ಓಡಾಡು. ನಾಳೆ ಆ ಗಾಳಿಯಂತ್ರದ ಹುಡುಗನ್ನ ಊಟಕ್ಕೆ ಬರಾಕೆ ಹೇಳು. ದುಡ್ಡು ಕೊಡೋ ಊಟಕ್ಕಲ್ಲ. ಒಳಗೆ ಕೂರಿಸಿ ಬಡಿಸ್ತೀನಿ.”

“ಅತ್ತೆಮ್ಮ, ನಿಮಗೆ ಗೊತ್ತಿತ್ತಾ?”

“ದಿನಾ ಎದುರಿಗೆ ಕುಂತ್ಕಂಡು ಉಪ್ಪಿಲ್ಲದ ಸಾರನ್ನೂ ಚೆನ್ನಾಗೈತೆ ಅಂತ ಉಣ್ತಿದ್ದ. ಅಷ್ಟೂ ತಿಳಿಯಲ್ವೇನೆ ನನಗೆ?” ಸಿದ್ದಮ್ಮ ಸೆರಗಿನಿಂದ ಬೆಂಚು ಒರೆಸಿದರು. “ನಾನಾಗೇ ಹೋಗು ಅಂದಿದ್ರೆ ಮನೆಯಿಂದ ಹೊರಗೆ ಹಾಕ್ದಂಗೆ ಆಗ್ತಿತ್ತಲ್ಲ ತಾಯಿ. ನೀನು ಕೇಳ್ಲಿ ಅಂತ ಕಾಯ್ತಿದ್ದೆ.”

ಪಕ್ಕದ ಬೆಂಚಿನಲ್ಲಿ ರುದ್ರಪ್ಪನವರು ಎಂಜಲು ಕೈಯನ್ನು ಹಾಗೇ ಎತ್ತಿ ಹಿಡಿದು ಕೂತಿದ್ದರು. ನಾಗವೇಣಿ ಅಳುತ್ತಿದ್ದಳು. ಅಳುತ್ತಲೇ, ಆಟದ ರೂಢಿಯೋ ಏನೋ, ದೊರೆಯನ್ನು ಕೇಳಿದ ಮೇಲೆ ಹಾಕಬೇಕಾದ ದಾಳವನ್ನು ತೆಗೆದುಕೊಂಡು ಉರುಳಿಸಿಬಿಟ್ಟಳು. ಒಂದು ಬಿತ್ತು. ಒಂದು ಬಿದ್ದರೆ ಅಪ್ಪಣೆ ಇಲ್ಲ. ಅವಳು ನನ್ನ ಕಡೆ ತಿರುಗಿದಳು, ನಾನು ಬಾಯಿ ತೆರೆಯುವುದರೊಳಗೆ ಸಿದ್ದಮ್ಮ ಕೈ ಚಾಚಿ ದಾಳವನ್ನು ಮುಚ್ಚಿಹಿಡಿದರು.

“ದಾಳನ್ನ ಯಾರು ಕೇಳಿದ್ರು?” ಅಂದರು. “ಬಾಗ್ಲು ನಂದು. ತೆಗ್ದೀನಿ, ಹೋಗು.”